ಡ್ರಮ್ಮಿನ ನೀರು, ಹೊಳೆಯ ನೀರು

ಪೆಟ್ರೋಲ್ ಸಿಗದೆ ನಿಲ್ಲುವ ದೋಣಿ ಮೋಟರು ನಿಲ್ಲುವ ಮುನ್ನ ಕೆಮ್ಮುತ್ತದೆ, ತಡವರಿಸುತ್ತದೆ, ತನಗೇನೋ ಆಗಿದೆಯೆಂದು ತಿಳಿಸುತ್ತದೆ. ಕಿಡಿ ಸಿಗದೆ ನಿಲ್ಲುವ ಮೋಟರು ಹಾಗಲ್ಲ. ಮಾತಿನ ನಡುವೆ ಯಾರೋ ಬಾಯಿ ಮುಚ್ಚಿದಂತೆ ಒಮ್ಮೆಲೇ ನಿಲ್ಲುತ್ತದೆ. ಮೊದಲನೆಯದರಲ್ಲಿ ದೋಣಿಯನ್ನು ದಡದ ಕಡೆಗೆ ತಿರುಗಿಸಲು ಸ್ವಲ್ಪ ಅವಕಾಶವಿರುತ್ತದೆ. ಎರಡನೆಯದರಲ್ಲಿ ಇರುವುದಿಲ್ಲ. ನೆರೆಯಲ್ಲಿ ಸಿಕ್ಕಿದವರನ್ನು ಕರೆತರುವ ದೋಣಿಗಳ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವವರು ಮೊದಲು ಕಿವಿಯಿಂದ ಈ ಭೇದವನ್ನು ಕಲಿಯಬೇಕು. ಕೈಯ ಕೆಲಸ ಆಮೇಲೆ.

ನಾನು ಆ ಕೆಲಸದಿಂದ ನಿವೃತ್ತನಾಗಿದ್ದೇನೆ. ಹುಟ್ಟಿದ್ದು ಕೂಡ್ಲಿಗಿ ತಾಲ್ಲೂಕಿನ ಒಣ ಊರಿನಲ್ಲಿ. ಓದಿದ್ದು ಕೊಟ್ಟೂರಿನ ಕಾಲೇಜಿನಲ್ಲಿ. ಸೇವೆಯ ಬಹುಭಾಗವನ್ನು ಕಳೆದದ್ದು ಹಡಗಲಿಯಲ್ಲಿ. ಏರಿದ ಮೆಟ್ಟಿಲುಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಬರೆಯಬೇಕಾದದ್ದು ಒಂದು ಹಳೆಯ ಮೋಟರಿನ ಬಗ್ಗೆ. ಅದನ್ನು ನಂಬಿ ಹೊಳೆಗೆ ಇಳಿಯಬಹುದೇ ಎಂಬ ಒಂದೇ ಪ್ರಶ್ನೆ ಹಲವು ಮಳೆಗಾಲಗಳವರೆಗೆ ನನ್ನ ನಿದ್ದೆಯನ್ನು ತಿಂದಿತು.

ಕಾಲೇಜಿನಲ್ಲಿ ನಮಗೆ ಚರ್ಚಾಸ್ಪರ್ಧೆಯ ತರಬೇತಿ ಕೊಟ್ಟ ಅಧ್ಯಾಪಕರು ಒಂದು ಕಟ್ಟುನಿಟ್ಟಿನ ಅಭ್ಯಾಸ ಹಾಕಿದ್ದರು. ನಾವು ಯಾವ ಪಕ್ಷವನ್ನು ವಹಿಸಿದ್ದೇವೋ ಅದರ ವಿರುದ್ಧದ ವಾದವನ್ನು ಮೊದಲು ನಾವೇ ಎದ್ದು ಹೇಳಬೇಕು. ಎದುರಾಳಿಗಿಂತ ಚೆನ್ನಾಗಿ ಹೇಳಬೇಕು. ಸಮಾಜವನ್ನು ತಿದ್ದುವುದಕ್ಕೆ ಸರಿಯಾದ ಪ್ರಶ್ನೆಯೊಂದು ಸಾಕು ಎಂದು ಆ ವಯಸ್ಸಿನಲ್ಲಿ ನಂಬಿದ್ದೆ. ಈಗಲೂ ಆ ನಂಬಿಕೆಯನ್ನು ಪೂರ್ತಿ ಬಿಟ್ಟಿಲ್ಲ. ಕಚೇರಿಯಲ್ಲಿ ನನಗೆ ‘ಭಾಷಣದ ಸಾಹೇಬ್ರು’ ಎಂಬ ಹೆಸರು ಬಿದ್ದದ್ದು ಈ ಕಾರಣದಿಂದಲೇ. ಹೆಸರಿಟ್ಟವನು ನಮ್ಮ ದೋಣಿ ನಡೆಸುತ್ತಿದ್ದ ಹುಲುಗಪ್ಪ. ಹೊಳೆದಂಡೆಯ ಊರಿನವನು, ಮೀನುಗಾರರ ಮನೆಯವನು, ನಗಿಸದೆ ಬಿಡದವನು.

ನಾನು ಮೊದಲ ಸಲ ದೋಣಿ ಹತ್ತಿದಾಗ ಅವನು ಎಲ್ಲರಿಗೂ ಕೇಳುವಂತೆ ಹೇಳಿದ್ದ: “ಕೂಡ್ಲಿಗಿ ಕಡೆ ಮಂದಿ ಹೊಳಿ ನೋಡಬೇಕಂದ್ರ ಬಸ್ ಹತ್ತಬೇಕು. ಅಂಥವ್ರನ್ನ ತಂದು ನಮಗ ದೋಣಿ ಸಾಹೇಬ್ರನ್ನ ಮಾಡ್ಯಾರ! ಗಟ್ಟ್ಯಾಗಿ ಹಿಡಕೊಂಡು ಕುಂದರ್ರಿ ಸಾಹೇಬ್ರ, ಇದು ಸಂತಿ ಬಂಡಿ ಅಲ್ಲ.”

ಮೋಟರು ದೋಣಿಯ ಹಿಂಬದಿಗೆ ತಗುಲಿಹಾಕುವ ಬಗೆಯದು. ಹಗ್ಗ ಜಗ್ಗಿ ಎಬ್ಬಿಸುವಂಥದ್ದು. ತಲೆಯ ಮೇಲೊಂದು ಭಾರದ ಗಾಲಿ, ಅದರ ಅಡಿಯಲ್ಲಿ ಕಿಡಿಗೆ ವಿದ್ಯುತ್ತು ಹುಟ್ಟಿಸುವ ತಂತಿಯ ಸುರುಳಿ, ಅಂದರೆ ಕಾಯಿಲ್. ಅಲ್ಲಿಂದ ಎರಡು ಪ್ಲಗ್ಗುಗಳಿಗೆ ಕಿಡಿ ಹೋಗಬೇಕು. ನಮ್ಮ ಕೈಗೆ ಬರುವ ಹೊತ್ತಿಗಾಗಲೇ ಅದು ಎಲ್ಲೋ ದುಡಿದು ದಣಿದಿತ್ತು. ಮೇಲಿನ ಮುಚ್ಚಳದ ಕೊಂಡಿ ಮುರಿದಿತ್ತು. ಅಂಚಿನ ರಬ್ಬರು ಹರಿದು ಹೋಗಿತ್ತು.

ಹೊಳೆಯಿಂದ ದೂರವಿದ್ದ ನಮ್ಮ ಕಚೇರಿಯ ಹಿಂದೆ ಬೇವಿನ ಮರದ ಕೆಳಗೆ, ಬಾಯಿ ಕತ್ತರಿಸಿದ ಕಬ್ಬಿಣದ ಡ್ರಮ್ಮೊಂದಿತ್ತು. ಪ್ರತಿ ಸೋಮವಾರ ಅದಕ್ಕೆ ನೀರು ತುಂಬಿ, ಮೋಟರನ್ನು ಅಂಚಿಗೆ ಸಿಕ್ಕಿಸಿ, ಹಗ್ಗ ಜಗ್ಗುತ್ತಿದ್ದೆವು. ಅದು ಗುರುಗುಟ್ಟಿ ಏಳುತ್ತಿತ್ತು; ಡ್ರಮ್ಮಿನ ನೀರು ಕಡೆದ ಮಜ್ಜಿಗೆಯಂತೆ ಉಕ್ಕುತ್ತಿತ್ತು; ಎಲ್ಲರ ಪ್ಯಾಂಟು ತೊಯ್ಯುತ್ತಿತ್ತು. ಒಬ್ಬರು ಊದುಬತ್ತಿ ಬೆಳಗಿ ಮೋಟರಿನ ಮುಂದೆ ಹಿಡಿಯುತ್ತಿದ್ದರು. ಆ ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತೂ ಮೋಟರನ್ನು ಓಡಿಸದೆ ನಿಲ್ಲಿಸಿ, ‘ಸುಸ್ಥಿತಿಯಲ್ಲಿದೆ’ ಎಂದು ಬರೆದು, ಚಹಾಕ್ಕೆ ಹೋಗುತ್ತಿದ್ದೆವು.

ನಮ್ಮ ಮೇಲಧಿಕಾರಿ ನಾಗೇಂದ್ರಪ್ಪನವರು ಹರಪನಹಳ್ಳಿ ಕಡೆಯವರು. ತೆಲಿಗಿಯಲ್ಲಿ ಅವರ ಹೊಲಮನೆ. ಕೆಟ್ಟವರಲ್ಲ. ಯಾರನ್ನೂ ನೋಯಿಸದೆ ದಿನ ಕಳೆಯಬೇಕೆಂಬ ಸ್ವಭಾವ. ನಾನು ಡ್ರಮ್ಮಿನ ವಿಷಯ ಎತ್ತಿದಾಗ ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಓಡ್ತೈತೆ ಅಲ್ಲೇನಪ್ಪ? ನಿನ್ನ ಕಣ್ಣೆದುರಿಗೇ ಓಡ್ತೈತೆ. ಇನ್ನೇನು ಬೇಕು ನಿನಗೆ?”

“ಡ್ರಮ್ಮಿನಾಗ ಓಡ್ತತಿ ಸರ. ನಮಗ ಬೇಕಾಗಿರೋದು ಹೊಳ್ಯಾಗ. ಅಲ್ಲಿ ಮಂದಿ ಭಾರ ಇರ್ತತಿ, ಸೆಳವು ಇರ್ತತಿ. ಡ್ರಮ್ಮಿನಾಗ ಅದಕ್ಕ ದಣಿವು ಅಂದ್ರೇನು ಅಂತನ ಗೊತ್ತಿಲ್ಲ.”

“ವಾರ ವಾರ ಹೊಳೆಗೆ ಒಯ್ಯಾಕೆ ಗಾಡಿ ಬೇಕು, ಮಂದಿ ಬೇಕು. ನೀನು ಕಾಲೇಜಿನಾಗೆ ಭಾಷಣದ ಕಪ್ಪು ಗೆದ್ದೋನು, ಮೇಲಿನೋರಿಗೆ ಬರಿ. ನಾನು ಸಹಿ ಹಾಕ್ತೀನಿ. ಬೇಡ ಅಂದೆನೇನು?”

ಬರೆದೆ. ಅವರು ಸಹಿ ಹಾಕಿದರು. ಉತ್ತರ ಬರಲಿಲ್ಲ. ತರುಣರು ಇಲ್ಲಿ ಗಮನಿಸಬೇಕು: ವಿರೋಧಿಸುವ ಅಧಿಕಾರಿಯೊಡನೆ ವಾದ ಮಾಡಬಹುದು, ಒಪ್ಪಿಕೊಂಡು ಸುಮ್ಮನಾಗುವವರೊಡನೆ ಮಾಡಲು ವಾದವೇ ಇರುವುದಿಲ್ಲ.

ಹೊಳೆಯಲ್ಲಿ ಮೋಟರು ಮೊದಲ ಸಲ ನಿಂತದ್ದು ಒಂದು ಅಭ್ಯಾಸದ ದಿನ. ಜಿನುಗು ಮಳೆಯಿತ್ತು. ದಡಕ್ಕೆ ಹತ್ತಿರದಲ್ಲೇ ಇದ್ದೆವು, ಅಪಾಯವಿರಲಿಲ್ಲ. ಹುಲುಗಪ್ಪ ಮುಚ್ಚಳ ತೆಗೆದು, ಪ್ಲಗ್ಗು ಬಿಚ್ಚಿ, ಒಣ ಬಟ್ಟೆಯಿಂದ ಒರೆಸಿ, ವೈರುಗಳನ್ನು ಉಜ್ಜಿ, ಬಾಯಿಂದ ಊದಿ, ಮತ್ತೆ ಜೋಡಿಸಿ ಹಗ್ಗ ಜಗ್ಗಿದ. ಮೋಟರು ಎದ್ದಿತು.

“ನೀರು ಹೊಕ್ಕಿತ್ರಿ,” ಎಂದ. “ಮುಚ್ಚಳ ಬಾಯಿ ಬಿಟ್ಟೈತಿ ನೋಡ್ರಿ. ಮೈ ಒರೆಸಿದ್ರ ಮಾತು ಕೇಳತೈತಿ, ಕೂಸಿನಂಗ.”

ಎಲ್ಲರಿಗೂ ಸರಿಯೆನಿಸಿತು. ನನಗೂ ಸರಿಯೆನಿಸಿತು. ಮುರಿದ ಮುಚ್ಚಳ, ಬೀಳುವ ಮಳೆ, ನಿಂತ ಮೋಟರು, ಒರೆಸಿದ ಮೇಲೆ ಎದ್ದ ಮೋಟರು: ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು? ಮುಂದಿನ ಸಲ ನಿಂತಾಗಲೂ ಒರೆಸಿದೆವು, ಎದ್ದಿತು. ಅದರ ಮುಂದಿನ ಸಲವೂ ಹಾಗೇ. ಒರೆಸುವುದು ನಮ್ಮಲ್ಲಿ ಒಂದು ಶಾಸ್ತ್ರವೇ ಆಯಿತು. ಮೋಟರಿಗೆಂದು ಬೇರೆ ಬಟ್ಟೆ, ಬಟ್ಟೆಗೆಂದು ಬೇರೆ ಚೀಲ, ಚೀಲ ಮರೆತವನಿಗೆ ಬೈಗುಳ.

ಕಂಬಳಿ ಬಂದದ್ದು ಇದರ ಮುಂದುವರಿಕೆಯಾಗಿ. ಹಿರೇಹಡಗಲಿ ಕಡೆಯ ಕುರಿಗಾರ ಮೈಲಪ್ಪನ ಟಗರುಗಳು ಒಮ್ಮೆ ಹೊಳೆಯ ಆಚೆ ಸಿಕ್ಕಿಕೊಂಡಿದ್ದಾಗ ನಮ್ಮ ದೋಣಿ ಅವನ್ನು ಈಚೆಗೆ ತಂದಿತ್ತು. ಕೆಲವು ದಿನಗಳ ಮೇಲೆ ಮೈಲಪ್ಪ ಕಚೇರಿಗೆ ಬಂದ. ಹೆಗಲ ಮೇಲೆ ಹೊಸ ಕರಿ ಕಂಬಳಿ. ಹಣೆಗೆ ಭಂಡಾರ. ಯಾರ ಮಾತನ್ನೂ ಕೇಳದೆ ನೇರವಾಗಿ ಮೋಟರಿನ ಬಳಿಗೆ ಹೋಗಿ, ಅದರ ತಲೆಗೂ ಅರಿಸಿನದ ಭಂಡಾರ ಹಚ್ಚಿ, ಕಂಬಳಿಯನ್ನು ಹೊದಿಸಿದ.

“ಮಳ್ಯಾಗ ನಮ್ಮನ್ನ ಕಾಯೋದು ಕಂಬಳಿ ಸರ. ನಿಮ್ಮ ಮೋಟರಿಗೂ ನೀರು ಹೊಕ್ಕತೈತಂತಲ್ಲ, ಹುಲುಗಪ್ಪ ಹೇಳಿದ. ಇದನ್ನ ಹೊಚ್ಚಿ ಕಟ್ರಿ. ದೇವರ ಹೆಸರಿಲೆ ಕೊಡಾಕ ಹತ್ತೀನಿ, ತೆಗಿಬ್ಯಾಡ್ರಿ.”

ಕಂಬಳಿಯ ಮೇಲೆ ನೀರು ನಿಲ್ಲದೆ ಜಾರುವುದನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹುಲುಗಪ್ಪ ಅದನ್ನು ಮೋಟರಿನ ತಲೆಗೆ ಸುತ್ತಿ, ಹಗ್ಗ ಜಗ್ಗಲು ಮಾತ್ರ ಕಿಂಡಿ ಬಿಟ್ಟು, ಹುರಿಯಿಂದ ಬಿಗಿದು ಕಟ್ಟಿದ. ಅಂದಿನಿಂದ ಮೋಟರು ಹೊಳೆಗೆ ಹೊರಟಾಗಲೆಲ್ಲ ಕಂಬಳಿ ಹೊದ್ದೇ ಹೊರಡುತ್ತಿತ್ತು. ನಮ್ಮನ್ನು ನೋಡಿದವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆದರೆ ಮೋಟರು ನಿಲ್ಲುವುದು ತಪ್ಪಲಿಲ್ಲ. ಮೊದಲಿಗಿಂತ ಬೇಗ ನಿಲ್ಲತೊಡಗಿತು. ಕಂಬಳಿ ಸಡಿಲವಾಗಿರಬೇಕೆಂದು ಇನ್ನೂ ಬಿಗಿಯಾಗಿ ಕಟ್ಟಿದೆವು.

ನನ್ನೊಳಗೆ ಭಯ ಬೇರು ಬಿಟ್ಟದ್ದು ಆಗ. ಮಳೆಯಿಲ್ಲದ, ಬಿಸಿಲು ಕಾಯುತ್ತಿದ್ದ ಒಂದು ಮಧ್ಯಾಹ್ನ ಅದು ನಿಂತಿತು. ಹುಲುಗಪ್ಪ ಎಂದಿನಂತೆ ಚೀಲಕ್ಕೆ ಕೈಹಾಕಿದ. ಕಾಲೇಜಿನ ಹಳೆಯ ಅಭ್ಯಾಸ ತಲೆಯಲ್ಲಿ ಎಚ್ಚತ್ತಿತು. ನಾವು ‘ನೀರು’ ಎಂಬ ಪಕ್ಷವನ್ನು ವಹಿಸಿದ್ದೇವೆ. ವಿರುದ್ಧ ಪಕ್ಷವನ್ನು ಯಾರೂ ಕೇಳಿಯೇ ಇಲ್ಲ. ಒರೆಸಿದ್ದರಿಂದ ಎದ್ದಿತು ಎನ್ನುತ್ತೇವೆ. ಒರೆಸದೇ ಇದ್ದಿದ್ದರೆ ಏನಾಗುತ್ತಿತ್ತು?

“ಹುಲುಗಪ್ಪ, ಮುಟ್ಟಬ್ಯಾಡ.”

“ಯಾಕ್ರಿ?”

“ಸುಮ್ನ ಕುಂದರೋಣು. ಬೀಡಿ ಸೇದು.”

“ಭಾಷಣ ಕೇಳಿಸಿ ಎಬ್ಬಿಸ್ತೀರೇನು ಅದನ್ನ?”

ಕುಳಿತೆವು. ಅವನ ಬೀಡಿ ಮುಗಿಯಿತು, ಇನ್ನೊಂದು ಹಚ್ಚಿದ, ಅದೂ ಮುಗಿಯಿತು. ಆಮೇಲೆ ನಾನು ಹಗ್ಗ ಜಗ್ಗಿದೆ. ಒಂದೇ ಎಳೆತಕ್ಕೆ ಮೋಟರು ಎದ್ದಿತು.

ಹುಲುಗಪ್ಪ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ, ಮೋಟರನ್ನು ನೋಡಿದ. “ಅರೇ ಇದರವ್ವನ! ಒರೆಸದೇ ಎದ್ದೈತಲ್ರಿ!”

ಒರೆಸುವುದಕ್ಕೆ ಹಿಡಿಯುತ್ತಿದ್ದ ಹೊತ್ತೇ ಅದಕ್ಕೆ ಔಷಧವಾಗಿತ್ತು, ಒರೆಸುವಿಕೆ ಅಲ್ಲ. ನೀರಿನಿಂದ ನಿಂತಿರಲಿಲ್ಲ, ಬಿಸಿಯಿಂದ ನಿಂತಿತ್ತು. ಮುಂದಿನ ಕೆಲವು ವಾರ ನನ್ನ ಖರ್ಚಿನಲ್ಲಿ, ನನ್ನ ರಜೆಯಲ್ಲಿ, ಒಂದೊಂದಾಗಿ ಪರೀಕ್ಷಿಸಿದೆ. ಹೊಸ ಪ್ಲಗ್ಗು ಹಾಕಿದೆ, ಆದರೂ ನಿಂತಿತು. ಮೋಟರು ಬಂದ್ ಮಾಡುವ ಗುಂಡಿಯ ವೈರು ಎಲ್ಲೋ ಸವೆದು ತಗುಲುತ್ತಿದ್ದರೂ ಹೀಗೆಯೇ ಆಗುತ್ತದೆ. ಆ ವೈರನ್ನೇ ಬಿಡಿಸಿ ಓಡಿಸಿದೆ, ಆದರೂ ನಿಂತಿತು. ಕೊನೆಗೆ ನಿಂತ ಕ್ಷಣದಲ್ಲೇ ಕಾಯಿಲ್‌ನ ಎರಡು ತುದಿಗೆ ಮೀಟರು ಹಿಡಿದೆ. ಮುಳ್ಳು ಅಲುಗಲಿಲ್ಲ, ಒಳಗೆ ತಂತಿ ಕಡಿದು ಹೋದಂತೆ ತೋರಿಸಿತು. ತಣ್ಣಗಾದ ಮೇಲೆ ಹಿಡಿದೆ. ಮುಳ್ಳು ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿತು. ಕೂದಲೆಳೆಯ ತಂತಿ ಒಳಗೆಲ್ಲೋ ಬಿರಿದಿದೆ. ಬಿಸಿಗೆ ಹಿಗ್ಗಿ ಬಾಯಿ ಬಿಡುತ್ತದೆ. ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಡ್ರಮ್ಮಿನಲ್ಲಿ ಅದು ಬಿಸಿಯಾಗುವ ಮೊದಲೇ ನಾವು ಚಹಾಕ್ಕೆ ಹೋಗಿರುತ್ತಿದ್ದೆವು. ಹೊಳೆಯಲ್ಲಿ ನಾವೇ ಅದಕ್ಕೆ ಕಂಬಳಿ ಹೊದಿಸುತ್ತಿದ್ದೆವು.

ರೋಗ ತಿಳಿದರೆ ನೆಮ್ಮದಿ ಎನ್ನುತ್ತಾರೆ. ನನಗೆ ನೆಮ್ಮದಿಯಾಗಲಿಲ್ಲ. ಮೊದಲು ಮೋಟರು ಯಾವಾಗಲೋ ನಿಂತೀತು ಎಂಬ ಭಯವಿತ್ತು. ಈಗ ಖಂಡಿತ ನಿಲ್ಲುತ್ತದೆ ಎಂಬ ಜ್ಞಾನ ಬಂತು. ಆ ಮಾದರಿಯ ಕಾಯಿಲ್ ಈಗ ತಯಾರಾಗುವುದಿಲ್ಲವೆಂದು ಹೊಸಪೇಟೆಯ ಅಂಗಡಿಯವರು ಹೇಳಿದರು. ಹಗರಿಬೊಮ್ಮನಹಳ್ಳಿಯಲ್ಲಿ ಕೊಳವೆಬಾವಿಯ ಪಂಪುಗಳಿಗೆ ತಂತಿ ಸುತ್ತುವ ಅಂಗಡಿಯವರು, ಇಷ್ಟು ಸಣ್ಣ ತಂತಿ ತಮ್ಮ ಕೈಗೆ ಒಗ್ಗುವುದಿಲ್ಲವೆಂದರು. ಬೇರೆ ಮೋಟರು ಕೊಡಿ ಎಂದು ಮೇಲಕ್ಕೆ ಬರೆದೆ. ಡ್ರಮ್ಮಿನಲ್ಲಿ ಓಡುತ್ತಿರುವ ಮೋಟರನ್ನು ಕೆಟ್ಟಿದೆ ಎನ್ನುವುದು ಹೇಗೆ ಎಂದು ಈ ಸಲ ಉತ್ತರ ಬಂತು.

ಆ ಮಳೆಗಾಲದಲ್ಲಿ ಮೇಲಿನ ಸೀಮೆಯ ಮಳೆಗೆ ಹೊಳೆ ಏರಿತು. ಒಂದು ಬೆಳಿಗ್ಗೆ ಫೋನು ಬಂತು: ನಡುಗಡ್ಡೆಯಲ್ಲಿ ಮೈಲಪ್ಪ, ಅವನ ಹೆಂಡತಿ ದುರುಗಮ್ಮ, ಅವರ ಕುರಿ ಹಿಂಡು. ಹುಲ್ಲು ಚೆನ್ನಾಗಿದೆಯೆಂದು ಹಟ್ಟಿ ಹಾಕಿದ್ದರು. ನೀರು ಏರುತ್ತಲೇ ಇತ್ತು. ಹೊಸಪೇಟೆ ಕಡೆಯಿಂದ ಬೇರೆ ದೋಣಿ ಹೊರಟಿದೆಯೆಂದೂ, ಹಳ್ಳ ಬಂದು ದಾರಿ ಕಟ್ಟಿದೆಯೆಂದೂ ತಿಳಿಯಿತು.

ದಡದಲ್ಲಿ ಜನ ನೆರೆದಿದ್ದರು. ಮಳೆ ಸುರಿಯುತ್ತಿತ್ತು. ಕೆನ್ನೀರಿನಲ್ಲಿ ಜಾಲಿ ಗಿಡಗಳ ತುದಿಗಳು ಮಾತ್ರ ಕಾಣುತ್ತಿದ್ದವು. ನಾಗೇಂದ್ರಪ್ಪನವರು ಕೊಡೆ ಹಿಡಿಯುವುದನ್ನೂ ಮರೆತು ನನ್ನ ಹತ್ತಿರ ಬಂದರು.

“ಹೋಗಿ ಬರ್ತೈತೇನಪ್ಪ?”

“ಹೋಗ್ತತಿ ಸರ. ಬರೋದು ಹೇಳಾಕ ಬರಂಗಿಲ್ಲ.”

ಅವರು ಹುಲುಗಪ್ಪನ ಕಡೆ ನೋಡಿದರು. ಹುಲುಗಪ್ಪ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ, “ಹೋಗೋದಾದ್ರ ಈಗ ಹೋಗಬೇಕ್ರಿ. ಇನ್ನೊಂದು ತಾಸಿಗೆ ಕೇಳಬ್ಯಾಡ್ರಿ,” ಎಂದ.

ನಾನು ಮೋಟರಿನ ಕಂಬಳಿ ಬಿಚ್ಚಿದೆ; ಮುಚ್ಚಳವನ್ನೂ ತೆಗೆದೆ. ಪ್ಲಗ್ಗಿನ ವೈರುಗಳ ಬಾಯಿಗೆ ಗ್ರೀಸು ತುಂಬಿದೆ. ಕಿಡಿಯ ಮೋಟರನ್ನು ಬೋಳು ತಲೆಯಲ್ಲಿ ಮಳೆಗೆ ಒಡ್ಡುವುದು ನಾವು ಕಲಿತ ಪ್ರತಿಯೊಂದು ಪಾಠಕ್ಕೂ ವಿರುದ್ಧ. ಆದರೆ ಅಂದು ಮಳೆಗಿಂತ ಬಿಸಿಯೇ ನಮ್ಮ ಶತ್ರುವಾಗಿತ್ತು. ಗಾಳಿ ಮತ್ತು ಮಳೆ ನಮ್ಮ ಕಡೆಯ ಸಾಕ್ಷಿಗಳು. ಸಾಕ್ಷಿಗಳು ತಿರುಗಿ ಬಿದ್ದರೆ ಏನು ಗತಿ ಎಂಬ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲಿಲ್ಲವೆಂದಲ್ಲ, ಕೇಳಿಕೊಂಡೆ, ಆದರೂ ಹಗ್ಗ ಜಗ್ಗಿದೆ.

ಹೋಗುವಾಗ ಮೋಟರು ನಿಲ್ಲಲಿಲ್ಲ. ಹೊಳೆಯ ಮೇಲ್ಗಡೆಯಿಂದ ಓರೆಯಾಗಿ ಇಳಿದೆವು. ಸೆಳವೇ ಅರ್ಧ ಕೆಲಸ ಮಾಡಿತು. ನಡುಗಡ್ಡೆ ಮುಟ್ಟಿದ ಕೂಡಲೇ ಮೋಟರು ಬಂದ್ ಮಾಡಿದೆ, ತಣಿಯಲೆಂದು.

ಮೈಲಪ್ಪ ಓಡಿಬಂದವನು ಮೊದಲು ನೋಡಿದ್ದು ಮೋಟರನ್ನು. “ಕಂಬಳಿ ಎಲ್ಲಿ ಸರ? ಮಳ್ಯಾಗ ಬತ್ತಲೆ ನಿಂದ್ರಿಸೀರಲ್ಲ!”

“ಅದಕ್ಕ ಶಕಿ ಆಗ್ತಿತ್ತಪ್ಪ. ಇಲ್ಲೈತಿ ನಿನ್ನ ಕಂಬಳಿ, ದುರುಗಮ್ಮಗ ಹೊಚ್ಚು.”

ಮೋಟರು ತಣಿಯುವವರೆಗೆ ಕಾಯಬೇಕೆಂದು ಹೇಳಿದೆ. ನೀರು ನಮ್ಮ ಕಣ್ಣೆದುರಿಗೇ ಹುಲ್ಲನ್ನು ತಿನ್ನುತ್ತಿತ್ತು. ಆ ಹೊತ್ತಿನಲ್ಲಿ ಮೈಲಪ್ಪ ಮರಿಗಳನ್ನೂ ಗಬ್ಬದ ಕುರಿಗಳನ್ನೂ ಆಯ್ದು ತಂದ. ದೋಣಿಯಲ್ಲಿ ಹಿಡಿಸುವಷ್ಟು ಹಿಡಿಸಿದೆವು. ಹಿಂಡಿನ ದೊಡ್ಡ ಪಾಲು ದಿಬ್ಬದ ಮೇಲೆಯೇ ಉಳಿಯಿತು.

“ಇವನ್ನ ಇಳಿಸಿ ಮತ್ತ ಬರೋಣಲ್ರಿ?” ಎಂದು ಮೈಲಪ್ಪ ಕೇಳಿದ.

“ಮೊದ್ಲು ದಂಡಿ ಮುಟ್ಟೋಣು,” ಎಂದೆ.

ನಡುಹೊಳೆ ದಾಟಿದೆವು. ನನ್ನ ಕಿವಿಯೆಲ್ಲ ಮೋಟರಿನ ಸದ್ದಿನಲ್ಲಿತ್ತು. ಪ್ರತಿ ಬಡಿತವೂ ಕೊನೆಯದೆನಿಸುತ್ತಿತ್ತು. ಮುಳುಗಿದ ಹೊಲಗಳ ಅಂಚು, ಜಾಲಿ ಗಿಡಗಳ ಸಾಲು ಹತ್ತಿರವಾಗುತ್ತಿರುವಾಗ ಅದು ನಿಂತಿತು. ಕೆಮ್ಮಲಿಲ್ಲ, ತಡವರಿಸಲಿಲ್ಲ. ನಿಂತಿತು.

ಆ ಮೌನದಲ್ಲಿ ಹೊಳೆಯ ಸದ್ದು ಒಮ್ಮೆಲೇ ದೊಡ್ಡದಾಯಿತು. ದೋಣಿ ಅಡ್ಡ ತಿರುಗಿ ಜಾರತೊಡಗಿತು. ಕೆಳಗೆ ಬಂಡೆಗಳ ಸಾಲಿತ್ತು. ನೀರು ಅಲ್ಲಿ ಬಿಳಿಯಾಗಿ ಮುರಿಯುತ್ತಿರುವುದು ಕಾಣುತ್ತಿತ್ತು. ಹುಲುಗಪ್ಪ ಕೊಕ್ಕೆಯ ಗಳವನ್ನು ಬೀಸಿದ. ಮೊದಲ ಗಿಡ ತಪ್ಪಿತು. ಎರಡನೆಯದರ ಕೊಂಬೆಗೆ ಸಿಕ್ಕಿತು. ಮುಳ್ಳು ಅವನ ಮುಂಗೈ ಸೀಳಿದರೂ ಬಿಡಲಿಲ್ಲ. ಹಗ್ಗ ಹಾಕಿ ಕಟ್ಟಿದೆವು.

“ಜಗ್ರಿ ಸರ! ಹಗ್ಗ ಜಗ್ರಿ! ಯಾಕ ಕುಂತೀರಿ?” ಎಂದು ಮೈಲಪ್ಪ ಕೂಗಿದ. ದಡದ ಜನವೂ ಅದನ್ನೇ ಕೂಗುತ್ತಿದ್ದರು.

ಕಿಡಿ ಇಲ್ಲದಾಗ ಹಗ್ಗ ಜಗ್ಗಿದರೆ ಒಳಗೆ ಪೆಟ್ರೋಲು ತುಂಬಿ ಪ್ಲಗ್ಗು ತೊಯ್ಯುತ್ತದೆ; ಆಮೇಲೆ ಕಾಯಿಲ್ ತಣಿದರೂ ಮೋಟರು ಏಳುವುದಿಲ್ಲ. ಇದನ್ನು ಆ ಹೊತ್ತಿನಲ್ಲಿ ವಿವರಿಸಿ ಹೇಳುವುದು ಹೇಗೆ? ವೇದಿಕೆಯ ಮೇಲೆ ಗೆದ್ದ ನನ್ನ ಯಾವ ಮಾತೂ ನಾಲಿಗೆಗೆ ಬರಲಿಲ್ಲ. “ತಡಿ,” ಎಂದಷ್ಟೇ ಹೇಳಿದೆ. ಅವನು ನನ್ನನ್ನು ದಾಟಿ ಹಗ್ಗಕ್ಕೆ ಕೈ ಹಾಕಲು ಬಂದ. ನಾನು ಮೋಟರಿಗೆ ಅಡ್ಡ ಕುಳಿತೆ.

ಮರಿಗಳನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದ ದುರುಗಮ್ಮ ಆಗ ಬಾಯಿ ಬಿಟ್ಟಳು: “ಏನ್ರೀ, ಸುಮ್ನ ಕುಂದರ್ರಿ! ಅವರ ಮಾರಿ ನೋಡ್ರಿ. ಅವರಿಗೇನು ದಂಡಿ ಮುಟ್ಟೋ ಆಸಿ ಇಲ್ಲೇನು?”

ಮೈಲಪ್ಪ ಕುಳಿತ. ಮಳೆ ಬೋಳು ಮೋಟರಿನ ಮೇಲೆ ಬಿದ್ದು ಹಬೆಯಾಗಿ ಏಳುತ್ತಿತ್ತು. ಹಬೆ ತೆಳುವಾಗುವುದನ್ನು ನೋಡುತ್ತಿದ್ದೆ. ಏನೂ ಮಾಡದೆ ಕೂರುವುದೇ ಮಾಡಬೇಕಾದ ಕೆಲಸವಾಗಿರುವಾಗ, ನೋಡುವವರೆಲ್ಲ ಅದನ್ನು ಹೇಡಿತನವೆಂದು ತಿಳಿಯುತ್ತಾರೆ. ಈ ವೃತ್ತಿಗೆ ಬರುವವರು ಅದಕ್ಕೂ ಸಿದ್ಧರಾಗಿರಬೇಕು. ಹಬೆ ಪೂರ್ತಿ ನಿಂತ ಮೇಲೆ ಗಾಲಿಯ ಅಂಚಿನ ಕೆಳಗೆ ಬೆರಳಿಟ್ಟು ನೋಡಿದೆ. ಹಗ್ಗ ಜಗ್ಗಿದೆ. ಏಳಲಿಲ್ಲ. ಮೈಲಪ್ಪ ಕಣ್ಣು ಮುಚ್ಚಿಕೊಂಡ. ಮತ್ತೆ ಜಗ್ಗಿದೆ. ಎದ್ದಿತು.

ದಡದಲ್ಲಿ ಕೈಗಳು ದೋಣಿಯನ್ನು ಎಳೆದುಕೊಂಡವು. ನಾಗೇಂದ್ರಪ್ಪನವರು ದುರುಗಮ್ಮನ ಮಡಿಲಿನಿಂದ ಮರಿಗಳನ್ನು ತಾವೇ ಇಳಿಸಿಕೊಂಡರು. ಮೈಲಪ್ಪ ಮಾತ್ರ ದೋಣಿ ಬಿಟ್ಟು ಇಳಿಯಲಿಲ್ಲ.

“ನಡೀರಿ ಸರ. ಇನ್ನೊಂದ್ಸಲ.”

“ಇಲ್ಲ ಮೈಲಪ್ಪ.”

“ನಾನೊಬ್ಬನ ಬರ್ತೀನಿ. ಸತ್ರ ನಾನು ಸಾಯ್ತೀನಿ.”

“ನೀ ಒಬ್ಬನ ಸಾಯಂಗಿಲ್ಲ. ಹುಲುಗಪ್ಪನೂ ಅದಾನ. ಇದು ಮತ್ತ ನಿಲ್ತತಿ. ಈ ಸಲ ಗಿಡ ಸಿಗತೈತಿ ಅಂತ ಯಾರು ಹೇಳಬೇಕು?”

ಅವನು ಹುಲುಗಪ್ಪನ ಕೈ ನೋಡಿದ. ಸುತ್ತಿಕೊಂಡ ಬಟ್ಟೆಯಿಂದ ರಕ್ತ ಸೋರುತ್ತಿತ್ತು. ಮೈಲಪ್ಪ ಇಳಿದ.

ಇಳಿದವನು ಊರಿನ ಕಡೆ ಹೋಗಲಿಲ್ಲ. ನೀರಿನ ಅಂಚಿಗೆ ನಿಂತು, ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಕುರಿಗಳನ್ನು ಕರೆಯುವ ಕೂಗು ಹಾಕಿದ. ನಡುಗಡ್ಡೆಯ ದಿಬ್ಬ ಇರುವುದು ನಮ್ಮ ದಡದ ಬದಿಗೆ ಮಾತ್ರ. ಕೂಗು ಕೇಳಿದರೆ ಹಿಂಡು ಆ ಬದಿಗೆ ಮುಖ ಮಾಡಿ ನಿಲ್ಲುತ್ತದೆ, ಚದುರಿ ತಗ್ಗಿಗೆ ಇಳಿಯುವುದಿಲ್ಲ ಎಂದು ದುರುಗಮ್ಮ ನಮಗೆ ಹೇಳಿದಳು. ಮಳೆಯ ತೆರೆಯಾಚೆ ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಕೂಡುವುದು ಕಾಣಿಸಿತು. ಅವನ ಗಂಟಲು ಒಡೆದಾಗ ಅವಳು ಮುಂದೆ ಬಂದು ಕೂಗಿದಳು. ಅವಳಿಗೆ ಸೋತಾಗ ಅವನು. ಸಂಜೆ ಬೆಳಕು ಕಂದುವವರೆಗೂ ಆ ಕೂಗು ನಿಲ್ಲಲಿಲ್ಲ. ನನ್ನ ‘ಇಲ್ಲ’ ಎಂಬ ಮಾತಿಗೆ ಅವರು ಕೊಟ್ಟ ಉತ್ತರ ಅದಾಗಿತ್ತು. ನಾನು ಅಲ್ಲೇ ನಿಂತು ಕೇಳಿದೆ. ಹೋಗಲು ಆಗಲಿಲ್ಲ.

ಮರುದಿನ ನೀರು ಇಳಿಮುಖವಾಯಿತು. ಬೇರೆ ದೋಣಿಯೂ ಬಂತು. ದಿಬ್ಬದ ಮೇಲೆ ಒತ್ತಾಗಿ ನಿಂತ ಕುರಿಗಳು ಉಳಿದಿದ್ದವು. ಅಂಚಿನಲ್ಲಿದ್ದವು ಹೋಗಿದ್ದವು. ಮೈಲಪ್ಪ ಉಳಿದವುಗಳ ಬೆನ್ನ ಮೇಲೆ ಕೈಯಾಡಿಸುತ್ತಲೇ ನನ್ನೊಡನೆ ಮಾತಾಡಿದ. ಸ್ವರವೇ ಇರಲಿಲ್ಲ, ಬರೀ ಗಾಳಿ.

“ನೀವು ಬ್ಯಾಡ ಅಂದಿದ್ದು ಖರೇನ ಇತ್ತು ಸರ. ಆದ್ರ ಅಲ್ಲಿ ನಿಂತಿದ್ದವು ನಿಮ್ಮವಲ್ಲ.”

ಇದಕ್ಕೆ ವಿರುದ್ಧ ಪಕ್ಷದ ವಾದವನ್ನು ನಾನು ಇಂದಿಗೂ ಕಂಡುಕೊಂಡಿಲ್ಲ.

ಆ ನೆರೆಯ ಬಳಿಕ ನಾಗೇಂದ್ರಪ್ಪನವರು ಬದಲಾದರು. ಮೇಲಕ್ಕೆ ಬರೆಯುವುದನ್ನು ಬಿಟ್ಟು, ಕರಾವಳಿಯ ಮೀನುಗಾರಿಕೆ ಬಂದರಿನಲ್ಲಿ ಹಳೆಯ ಮೋಟರುಗಳ ಬಿಡಿಭಾಗ ಮಾರುವವರನ್ನು ತಾವೇ ಫೋನಿನಲ್ಲಿ ಹುಡುಕಿದರು. ಕಾಯಿಲ್ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಗಾಲಿ ಬಿಚ್ಚಿ ಜೋಡಿಸಿದೆ. ಸೋಮವಾರ ಡ್ರಮ್ಮಿಗೆ ನೀರು ತುಂಬಲು ಯಾರೋ ಬಕೆಟ್ ಹಿಡಿದಾಗ ಅವರು, “ಅದನ್ನ ಅತ್ತ ಉಳ್ಳಿಸ್ರಪ್ಪ. ಹೊಳೆಗೆ ನಡೀರಿ,” ಎಂದರು.

ಭಾರಕ್ಕೆಂದು ಮರಳಿನ ಚೀಲ ತುಂಬುತ್ತಿದ್ದೆವು. ಹೊಳೆ ಆಗ ಶಾಂತವಾಗಿತ್ತು. ಸುದ್ದಿ ಕೇಳಿ ಮೈಲಪ್ಪ ಬಂದಿದ್ದ; ಹಿಂದೆ ಹಿಂಡು.

“ಉಸುಕಿನ ಚೀಲ ಯಾಕ್ರಿ?” ಎಂದ. “ನನ್ನ ಕುರಿ ಹೇರ್ರಿ.”

“ಪರೀಕ್ಷೆಗೆ ಜೀವ ಹೇರಬಾರದಪ್ಪ,” ಎಂದೆ.

“ಉಸುಕು ಹೇರಿದ್ರ ನಿಮ್ಮ ಮೋಟರಿಗೆ ಏನು ತಿಳಿತೈತಿ? ನಿಲ್ಲೋದಿದ್ರ ಇವತ್ತ ನಿಲ್ಲಲಿ, ನೀರು ಸಣ್ಣದೈತಿ. ನಾನೂ ಕುಂದರ್ತೀನಿ.”

ಹುಲುಗಪ್ಪ ಅಷ್ಟರಲ್ಲಿ ಒಂದು ಕುರಿಯನ್ನು ಎತ್ತಿ ದೋಣಿಗೆ ಹಾಕಿಯಾಗಿತ್ತು. “ಸಾಹೇಬ್ರ, ಇವನ ಕೂಡ ಭಾಷಣ ಬ್ಯಾಡ್ರಿ. ಇವನದು ಹಿಂಡು ಐತಿ, ಮತಕ್ಕ ಹಾಕಿದ್ರ ನೀವು ಸೋಲ್ತೀರಿ.”

ಹೊರಟೆವು. ಆ ದಡ ಮುಟ್ಟಿ ತಿರುಗಿದೆವು. ಜಾಲಿ ಗಿಡಗಳ ಸಾಲು ಬಂದಾಗ ಹುಲುಗಪ್ಪ ತನ್ನಿಂದ ತಾನೇ ಕೊಕ್ಕೆಯ ಗಳವನ್ನು ಎತ್ತಿಕೊಂಡ. ಯಾರೂ ಅವನಿಗೆ ಹೇಳಿರಲಿಲ್ಲ. ಮೈಲಪ್ಪ ನೀರನ್ನು ನೋಡಲಿಲ್ಲ, ಕುರಿಗಳನ್ನು ನೋಡಲಿಲ್ಲ. ಹಗ್ಗದ ಹಿಡಿಕೆಯ ಮೇಲಿದ್ದ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದ. ಗಿಡಗಳ ಸಾಲು ಹಿಂದೆ ಸರಿಯಿತು. ಮೋಟರು ಓಡುತ್ತಲೇ ಇತ್ತು. ತಿರುಗಿಸು ಎಂದು ಹುಲುಗಪ್ಪನಿಗೆ ಸನ್ನೆ ಮಾಡಿದೆ. ಮತ್ತೊಮ್ಮೆ ಹೋದೆವು, ಮತ್ತೊಮ್ಮೆ ಬಂದೆವು. ಮೂರನೆಯ ಸಲ ಹೊರಡುವಾಗ ಮೈಲಪ್ಪ, “ಸಾಕು ಬಿಡ್ರಿ ಸರ, ಕುರಿಗೆ ನೀರಡಿಕಿ ಆಗೈತಿ,” ಎಂದ.

ದೋಣಿಯ ಮೂಗು ಮರಳಿಗೆ ತಾಗಿತು. ಕುರಿಗಳು ಒಂದರ ಮೇಲೊಂದು ಹಾರಿ ಇಳಿದವು, ಅವನೂ ಇಳಿದ. ಮೋಟರು ಇನ್ನೂ ಓಡುತ್ತಿತ್ತು. ಬಂದ್ ಮಾಡ್ರಿ ಎಂದು ಹುಲುಗಪ್ಪ ಎರಡು ಸಲ ಹೇಳಿದ ಮೇಲೆಯೇ ನಾನು ಹಗ್ಗದಿಂದ ಕೈ ತೆಗೆದದ್ದು.